ತೀರ್ಥ ಗ್ರಾಮದ ಬೀಜಗಳಿಗೆ ಬಂದ ವಿಶ್ವಪ್ರಶಸ್ತಿ

ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟು ಹಾಕಿದಾಗ ಸೈಕಲ್ ಹಿಡಿದು ನಿಂತು ರೈಲು ನೋಡುವುದು ಅಲ್ಲಿನ ಮಕ್ಕಳಿಗೆ ಹೊಸದಲ್ಲ. ಆ ಹಳಿಗಳು ಎಲ್ಲಿಗೆ ಹೋಗುತ್ತವೆ ಎಂದು ಯೋಚಿಸಿದ್ದೀರಾ? ಅವು ಖಾನಾಪುರ ದಾಟಿ ಲೋಂಡಾದ ಕಾಡನ್ನು ಮುಟ್ಟುತ್ತವೆ. ಅಲ್ಲಿಂದ ತಿರುಗಿ ಅಳ್ನಾವರ, ಧಾರವಾಡ, ಹುಬ್ಬಳ್ಳಿಗಳ ಮೂಲಕ ಕುಂದಗೋಳದ ಬಯಲಿಗೆ ಬರುತ್ತವೆ. ಒಂದೇ ದಿನದ ಪ್ರಯಾಣ, ಆದರೆ ಕಿಟಕಿಯ ಹೊರಗೆ ಎಷ್ಟು ವ್ಯತ್ಯಾಸ! ಖಾನಾಪುರದ ಕಡೆ ನೀರು ನಿಂತ ಭತ್ತದ ಗದ್ದೆಗಳು. ಕುಂದಗೋಳದ ಕಡೆ ಹತ್ತಿ, ಮೆಣಸಿನಕಾಯಿ, ಗೋವಿನಜೋಳದ ಒಣ ಹೊಲಗಳು. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಬೀಳುವ ಮಳೆಯ ಕಾಲು ಭಾಗವೂ ಕುಂದಗೋಳದಲ್ಲಿ ಬೀಳುವುದಿಲ್ಲ.

ಅಂಥ ಕುಂದಗೋಳ ತಾಲ್ಲೂಕಿನಲ್ಲಿ ತೀರ್ಥ ಎಂಬ ಸಣ್ಣ ಹಳ್ಳಿಯಿದೆ. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ಈಕ್ವೇಟರ್ ಪ್ರಶಸ್ತಿ ಬಂತು. ಆ ವರ್ಷ ಇಡೀ ಜಗತ್ತಿನಲ್ಲಿ ಈ ಪ್ರಶಸ್ತಿ ಪಡೆದ ಗುಂಪುಗಳು ಹತ್ತೇ ಹತ್ತು. ಆಗಸ್ಟ್ 9ರಂದು ಅವುಗಳ ಹೆಸರನ್ನು ಪ್ರಕಟಿಸಲಾಯಿತು. ನಮ್ಮ ದೇಶದಿಂದ ಪಟ್ಟಿಯಲ್ಲಿದ್ದುದು ಈ ಹಳ್ಳಿಯ ಹೆಸರು.

ಏನಿದು ಈಕ್ವೇಟರ್ ಪ್ರಶಸ್ತಿ? ಭೂಗೋಳದ ಪಾಠದಲ್ಲಿ ಸಮಭಾಜಕ ವೃತ್ತದ ಬಗ್ಗೆ ಓದಿದ್ದೀರಿ. ಇಂಗ್ಲಿಷಿನಲ್ಲಿ ಅದನ್ನು ಈಕ್ವೇಟರ್ ಎನ್ನುತ್ತಾರೆ. ಈ ವೃತ್ತದ ಎರಡೂ ಬದಿಯ ಉಷ್ಣವಲಯದಲ್ಲಿ ಭೂಮಿಯ ಅತಿ ಹೆಚ್ಚು ಬಗೆಯ ಗಿಡಮರಗಳು ಮತ್ತು ಪ್ರಾಣಿಪಕ್ಷಿಗಳು ಇವೆ. ಬಡತನ ಹೆಚ್ಚಾಗಿರುವ ಅನೇಕ ದೇಶಗಳೂ ಅಲ್ಲಿಯೇ ಇವೆ. ಪ್ರಕೃತಿಯನ್ನು ಉಳಿಸುತ್ತಲೇ ತಮ್ಮ ಬದುಕನ್ನು ಉತ್ತಮಪಡಿಸಿಕೊಂಡ ಜನರನ್ನು ಗುರುತಿಸಬೇಕೆಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 2002ರಲ್ಲಿ ಈ ಪ್ರಶಸ್ತಿಯನ್ನು ಆರಂಭಿಸಿತು.

ಪತ್ರಿಕೆಗಳು ಇದನ್ನು ‘ಜೀವವೈವಿಧ್ಯದ ನೊಬೆಲ್’ ಎಂದು ಕರೆದವು. ಹಾಗೆ ಹೋಲಿಸುವ ಅಗತ್ಯವಿಲ್ಲವೆಂದು ನನಗನಿಸುತ್ತದೆ. ಏಕೆಂದರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಒಂದು ವಿಷಯಕ್ಕೆ ಒಂದು ವರ್ಷ ಮೂವರಿಗಿಂತ ಹೆಚ್ಚು ಜನರಿಗೆ ಹಂಚುವಂತಿಲ್ಲ. ಈಕ್ವೇಟರ್ ಪ್ರಶಸ್ತಿ ಸಿಗುವುದು ಒಬ್ಬ ವ್ಯಕ್ತಿಗಲ್ಲ, ಒಟ್ಟಾಗಿ ದುಡಿದ ಸಮುದಾಯಕ್ಕೆ. 2021ರಲ್ಲಿ ಹೊನ್ನಾವರದ ಸ್ನೇಹಕುಂಜ ಟ್ರಸ್ಟ್‌ಗೂ ಇದು ಬಂದಿತ್ತು. 2025ರಲ್ಲಿ ಪ್ರಶಸ್ತಿ ಪಡೆದ ಪ್ರತಿ ಗುಂಪಿಗೂ 10,000 ಡಾಲರ್, ಅಂದರೆ ಎಂಟೂವರೆ ಲಕ್ಷ ರೂಪಾಯಿಗೂ ಹೆಚ್ಚಿನ ಹಣ ನಿಗದಿಯಾಗಿತ್ತು.

ತೀರ್ಥದ ಮಹಿಳೆಯರು ಮಾಡಿದ್ದಾದರೂ ಏನು? 2018ರಲ್ಲಿ ಹದಿನೈದು ಮಂದಿ ಸೇರಿ ಸಂಘ ಕಟ್ಟಿದರು. ಇದರ ಮುಂದಾಳು ಬೀಬಿಜಾನ್ ಹಳೆಮನಿ ಅವರು. ಹೊಲಗಳಿಂದ ಮಾಯವಾಗುತ್ತಿದ್ದ ಸಾಮೆ, ನವಣೆ, ಬರಗು, ಕೊರಲೆ ಮುಂತಾದ ಧಾನ್ಯಗಳ ಬೀಜ ಕೂಡಿಸಿದರು. ಬೀಜ ಬ್ಯಾಂಕ್ ತೆರೆದರು. ಸುಮಾರು 30 ಹಳ್ಳಿಗಳ ರೈತರಿಗೆ ಈ ಬೆಳೆಗಳನ್ನು ಮತ್ತೆ ಪರಿಚಯಿಸಿದರು. ಬೆಳೆದದ್ದನ್ನು ಹಸನು ಮಾಡಿ ಮಾರುವ ಘಟಕವನ್ನೂ ಆರಂಭಿಸಿದರು. ಸಹಜ ಸಮೃದ್ಧ ಸಂಸ್ಥೆ, ಹೈದರಾಬಾದಿನ ಭಾರತೀಯ ಕಿರುಧಾನ್ಯ ಸಂಶೋಧನಾ ಸಂಸ್ಥೆ ಮತ್ತು ಸೆಲ್ಕೋ ಫೌಂಡೇಷನ್ ಇವರಿಗೆ ನೆರವಾದವು.

ಈ ಧಾನ್ಯಗಳನ್ನು ಹಿಂದೆ ತೃಣಧಾನ್ಯ ಎನ್ನುತ್ತಿದ್ದರು. ತೃಣ ಎಂದರೆ ಹುಲ್ಲು. ಈಗ ಸಿರಿಧಾನ್ಯ ಎಂಬ ಹೆಸರು ಬಂದಿದೆ. ಭಾರತದ ಸಲಹೆಯಂತೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಇಷ್ಟು ಒಳ್ಳೆಯ ಬೆಳೆಯಾದರೆ ರೈತರು ಅದನ್ನು ಬಿಟ್ಟದ್ದೇಕೆ? ಈ ಪ್ರಶ್ನೆ ನಿಮಗೆ ಬಂದಿದ್ದರೆ ನೀವು ಸರಿಯಾಗಿಯೇ ಯೋಚಿಸುತ್ತಿದ್ದೀರಿ.

ಒಂದು ದೊಡ್ಡ ಕಾರಣ ಸಿಪ್ಪೆ!

ಜೋಳ, ಸಜ್ಜೆ ಮತ್ತು ರಾಗಿಯನ್ನು ನೋಡಿ. (ರಾಗಿಗೆ ಬೆಳಗಾವಿ, ಖಾನಾಪುರದ ಕಡೆ ನಾಚಣಿ ಎನ್ನುವವರೂ ಇದ್ದಾರೆ.) ತೆನೆ ಬಡಿದು ತೂರಿದರೆ ಕಾಳು ಬರಿಯಾಗಿಯೇ ಸಿಗುತ್ತದೆ, ನೇರವಾಗಿ ಬೀಸಬಹುದು. ಆದರೆ ಸಾಮೆ, ನವಣೆ, ಬರಗು, ಹಾರಕ, ಊದಲು, ಕೊರಲೆ ಹಾಗಲ್ಲ. ಭತ್ತದಂತೆ ಇವುಗಳ ಮೇಲೆ ಗಟ್ಟಿಯಾದ ಸಿಪ್ಪೆ ಬಿಗಿದುಕೊಂಡಿರುತ್ತದೆ. ಅದರಲ್ಲಿ ಸಿಲಿಕಾ ಇರುತ್ತದೆ. ಮರಳಿನಲ್ಲಿರುವುದೂ ಇದೇ ವಸ್ತು. ಅದನ್ನು ತೆಗೆಯದೆ ತಿನ್ನುವಂತಿಲ್ಲ. ಭತ್ತದ ಸಿಪ್ಪೆ ತೆಗೆಯಲು ಊರೂರಿಗೆ ಗಿರಣಿ ಬಂತು. ಆದರೆ ಸಾಮೆ ಬಹಳ ಸಣ್ಣ ಕಾಳು. ಸಾವಿರ ಕಾಳು ಸೇರಿದರೆ ಸುಮಾರು 2 ಗ್ರಾಂ ಆದೀತು. ಭತ್ತದ ಸಾವಿರ ಕಾಳು ಅದರ ಹತ್ತು ಪಟ್ಟು ತೂಗುತ್ತವೆ. ಭತ್ತಕ್ಕೆಂದು ಮಾಡಿದ ಯಂತ್ರಕ್ಕೆ ಈ ಪುಟ್ಟ ಕಾಳು ಒಗ್ಗಲಿಲ್ಲ.

ಹಾಗಾಗಿ ಒರಳು, ಒನಕೆ, ಬೀಸುಕಲ್ಲುಗಳೇ ಗತಿ. ಕುಟ್ಟಬೇಕು, ಮೊರದಲ್ಲಿ ಕೇರಬೇಕು, ಉಳಿದ ಕಾಳನ್ನು ಮತ್ತೆ ಕುಟ್ಟಬೇಕು. ಈ ಕೆಲಸವೆಲ್ಲ ಮನೆಯ ಹೆಂಗಸರ ಪಾಲಿಗೆ. ಹೊಲದಲ್ಲಿ ದಿನವಿಡೀ ದುಡಿದು ಬಂದವರಿಗೆ ಇದು ಎಷ್ಟು ಕಷ್ಟ! ಅಂಗಡಿಯಲ್ಲಿ ಅಕ್ಕಿ ಸುಲಭವಾಗಿ ಸಿಗತೊಡಗಿದಾಗ ಅವರು ಒನಕೆಯನ್ನು ಮೂಲೆಗಿಟ್ಟರೆ ಅದರಲ್ಲಿ ತಪ್ಪೇನಿದೆ? ‘ಹಿಂದಿನವರು ಒಳ್ಳೆಯದನ್ನು ತಿನ್ನುತ್ತಿದ್ದರು’ ಎಂದು ಹೇಳುವವರು ಈ ಒನಕೆಯನ್ನು ಮರೆಯುವುದೇ ಹೆಚ್ಚು. ಆದರೆ ಊಟದ ತಟ್ಟೆಯಿಂದ ಹೋದ ಧಾನ್ಯ ಹೊಲದಿಂದಲೂ ಹೋಗುತ್ತದೆ, ಬೀಜವೂ ಹೋಗುತ್ತದೆ.

ತೀರ್ಥದ ಮಹಿಳೆಯರ ಘಟಕದ ಮಹತ್ವ ಇಲ್ಲಿದೆ. ಸಿರಿಧಾನ್ಯದ ಸಿಪ್ಪೆ ತೆಗೆಯುವ ಯಂತ್ರಗಳಲ್ಲಿ ಕಾಳನ್ನು ವೇಗವಾಗಿ ತಿರುಗಿಸಿ ಗೋಡೆಗೆ ಎಸೆಯುವಂಥದ್ದು ಒಂದು ಬಗೆ. ಪೆಟ್ಟಿಗೆ ಸಿಪ್ಪೆ ಒಡೆಯುತ್ತದೆ. ಹಗುರವಾದ ಹೊಟ್ಟನ್ನು ಗಾಳಿ ಊದಿ ಬೇರ್ಪಡಿಸಲಾಗುತ್ತದೆ. ವೇಗ ಕಡಿಮೆಯಾದರೆ ಸಿಪ್ಪೆ ಒಡೆಯದು, ಹೆಚ್ಚಾದರೆ ಕಾಳು ನುಚ್ಚಾಗುತ್ತದೆ. ತೀರ್ಥದ ಘಟಕಕ್ಕೆ ಬಿಸಿಲಿನಿಂದ ತಯಾರಾದ ವಿದ್ಯುತ್ ಬಳಕೆಯಾಗುತ್ತದೆ. ಬಯಲುಸೀಮೆಯಲ್ಲಿ ಬಿಸಿಲಿಗೇನು ಬರವೇ?

ಇನ್ನು, ಕಡಿಮೆ ಮಳೆಯಲ್ಲಿ ಈ ಬೆಳೆ ಬದುಕುವುದು ಹೇಗೆಂದು ನೋಡೋಣ. ಎಲೆಯ ಮೇಲೆ ಪತ್ರರಂಧ್ರಗಳೆಂಬ ಸೂಕ್ಷ್ಮ ಬಾಗಿಲುಗಳಿವೆ. ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು ಇವುಗಳಿಂದಲೇ. ಆದರೆ ಬಾಗಿಲು ತೆರೆದಾಗಲೆಲ್ಲ ಒಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಭತ್ತದ ಗಿಡ ಬಾಗಿಲನ್ನು ಹೆಚ್ಚು ತೆರೆದಿಡಬೇಕು. ಸಾಮೆ, ನವಣೆಗಳ ಎಲೆಯಲ್ಲಿ ಬೇರೊಂದು ಏರ್ಪಾಡಿದೆ. ಒಳಬಂದ ಅನಿಲವನ್ನು ಅವು ಬೇಗನೆ ಹಿಡಿದು, ಎಲೆಯೊಳಗಿನ ವಿಶೇಷ ಜೀವಕೋಶಗಳಲ್ಲಿ ಒಟ್ಟುಗೂಡಿಸುತ್ತವೆ. ಆದ್ದರಿಂದ ಬಾಗಿಲು ಸ್ವಲ್ಪವೇ ತೆರೆದಿದ್ದರೂ ಕೆಲಸ ನಡೆಯುತ್ತದೆ, ನೀರು ಉಳಿಯುತ್ತದೆ. ಹೀಗೆ ಹಿಡಿದಾಗ ಮೊದಲು ಉಂಟಾಗುವ ವಸ್ತುವಿನ ಪ್ರತಿ ಅಣುವಿನಲ್ಲಿ ಇಂಗಾಲದ ನಾಲ್ಕು ಪರಮಾಣುಗಳಿರುತ್ತವೆ. ಅದಕ್ಕಾಗಿ ಇಂಥ ಗಿಡಗಳನ್ನು ಸಿ-4 ಸಸ್ಯಗಳೆಂದು ಕರೆಯುತ್ತಾರೆ.

ಬೆಳಗಾವಿ ಜಿಲ್ಲೆಯ ಮಕ್ಕಳು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಕಬ್ಬು ಕೂಡ ಸಿ-4 ಸಸ್ಯವೇ. ಆದರೂ ಅದಕ್ಕೆ ಅಷ್ಟು ನೀರು ಬೇಕಲ್ಲ? ಹೌದು! ಕಬ್ಬು ಆಳೆತ್ತರ ಬೆಳೆದು ಒಂದು ವರ್ಷವೋ ಅದಕ್ಕೂ ಹೆಚ್ಚೋ ಹೊಲದಲ್ಲಿ ನಿಲ್ಲುತ್ತದೆ. ಸಾಮೆ ಸುಮಾರು ಮೂರು ತಿಂಗಳಲ್ಲಿ ಕಟಾವಿಗೆ ಬರುತ್ತದೆ. ಎಲೆಯ ಜಾಣತನದ ಜೊತೆಗೆ ಈ ಅವಸರವೂ ಸೇರಿದ್ದರಿಂದ, ಮುಂಗಾರು ಕೈಕೊಟ್ಟ ವರ್ಷವೂ ರೈತನಿಗೆ ಒಂದಿಷ್ಟು ಕಾಳು ಮತ್ತು ದನಕ್ಕೆ ಮೇವು ಸಿಗುವ ಸಾಧ್ಯತೆ ಹೆಚ್ಚು.

ಈಗ ಬೀಜ ಬ್ಯಾಂಕಿಗೆ ಬರೋಣ. ಬೀಜ ಸತ್ತ ವಸ್ತುವಲ್ಲ. ಒಳಗೆ ಪುಟ್ಟ ಭ್ರೂಣವೊಂದು ಮಲಗಿದೆ, ಅದು ಅತಿ ನಿಧಾನವಾಗಿ ಉಸಿರಾಡುತ್ತಿದೆ. ತೇವ ಮತ್ತು ಶಾಖ ಹೆಚ್ಚಾದರೆ ಉಸಿರಾಟವೂ ಹೆಚ್ಚಿ, ಕೂಡಿಟ್ಟ ಆಹಾರ ವ್ಯರ್ಥವಾಗಿ ಬೀಜ ಸಾಯುತ್ತದೆ. ಅದಕ್ಕಾಗಿಯೇ ಹಳ್ಳಿಗಳಲ್ಲಿ ಬೀಜವನ್ನು ಚೆನ್ನಾಗಿ ಒಣಗಿಸಿ, ಬೂದಿ ಅಥವಾ ಬೇವಿನ ಎಲೆ ಬೆರೆಸಿ ಮಡಕೆಯಲ್ಲಿಡುತ್ತಿದ್ದರು. ಅಡುಗೆಯವರನ್ನು ಕಾಡಿದ ಆ ಗಟ್ಟಿ ಸಿಪ್ಪೆ ಇಲ್ಲಿ ಕಾವಲುಗಾರ! ಹುಳ ಸುಲಭವಾಗಿ ಅದನ್ನು ಕೊರೆಯಲಾರದು. ಸಿಪ್ಪೆ ಸುಲಿದ ಸಾಮೆಯಾದರೋ ಬೇಗ ಕಮಟು ಹಿಡಿಯುತ್ತದೆ. ಭ್ರೂಣಕ್ಕೆ ಪೆಟ್ಟು ಬಿದ್ದಿರುವುದರಿಂದ ಅದು ಬಿತ್ತನೆಗೂ ಬಾರದು.

ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪದಲ್ಲಿ 2008ರಲ್ಲಿ ಆರಂಭವಾದ ದೊಡ್ಡ ಬೀಜ ಭಂಡಾರವಿದೆ. ಅಲ್ಲಿ ಲೋಕದ ನಾನಾ ಬೆಳೆಗಳ ಬೀಜಗಳನ್ನು ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಇಡುತ್ತಾರೆ. ಅಲ್ಲಿ ಬೀಜ ಬಹಳ ವರ್ಷ ನಿದ್ರಿಸಬಲ್ಲದು. ಹಳ್ಳಿಯ ಬೀಜ ಬ್ಯಾಂಕಿನಲ್ಲಿ ಅಂಥ ಚಳಿಯೆಲ್ಲಿ ಬರಬೇಕು? ಇಲ್ಲಿ ಬೀಜವನ್ನು ಮತ್ತೆ ಮತ್ತೆ ಬಿತ್ತಿ ಹೊಸದಾಗಿಸುತ್ತಲೇ ಇರಬೇಕು. ಇಂಥ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ರೈತರು ಬೀಜ ಒಯ್ದು, ಸುಗ್ಗಿಯ ನಂತರ ಸ್ವಲ್ಪ ಹೆಚ್ಚಾಗಿ ಹಿಂದಿರುಗಿಸುತ್ತಾರೆ. ನಾಲ್ಕಾರು ವರ್ಷ ಯಾರೂ ಬಿತ್ತದಿದ್ದರೆ ಆ ತಳಿ ಆ ಊರಿನ ಮಟ್ಟಿಗೆ ಮುಗಿದಂತೆಯೇ. ಬಿತ್ತುತ್ತಿದ್ದರೆ ಮಾತ್ರ ಇನ್ನೊಂದು ಲಾಭವಿದೆ. ಮಳೆ ಕಡಿಮೆಯಾದ ವರ್ಷ ತಡೆದು ನಿಂತ ಗಿಡಗಳೇ ಹೆಚ್ಚು ಕಾಳು ಕೊಡುತ್ತವೆ. ಮುಂದಿನ ವರ್ಷದ ಬೀಜ ಅವುಗಳದ್ದೇ. ಹೀಗೆ ಬೆಳೆ ನಿಧಾನವಾಗಿ ಆ ನೆಲಕ್ಕೆ ಹೊಂದಿಕೊಳ್ಳುತ್ತ ಹೋಗುತ್ತದೆ. ಮಂಜಿನ ಕೋಣೆಯಲ್ಲಿ ಮಲಗಿದ ಬೀಜಕ್ಕೆ ಈ ಪಾಠ ಸಿಗುವುದಿಲ್ಲ.

ಬೀಜ ಬದುಕಿದೆಯೇ ಎಂದು ತಿಳಿಯುವ ಪರೀಕ್ಷೆಯನ್ನು ನೀವೂ ಶಾಲೆಯಲ್ಲಿ ಮಾಡಬಹುದು. ಮನೆಯಲ್ಲಿ ಬಿತ್ತನೆಗೆಂದು ಇಟ್ಟಿರುವ ಯಾವುದಾದರೂ ಧಾನ್ಯದ 100 ಕಾಳುಗಳನ್ನು ಎಣಿಸಿಕೊಳ್ಳಿ. ಚೆನ್ನಾಗಿರುವುದನ್ನೇ ಆರಿಸಬೇಡಿ, ಕೈಗೆ ಬಂದದ್ದನ್ನು ತೆಗೆದುಕೊಳ್ಳಿ. (ಔಷಧಿ ಬೆರೆಸಿದ ಬಣ್ಣದ ಬೀಜವನ್ನು ಮುಟ್ಟಬೇಡಿ, ಅದು ವಿಷ.) ಒದ್ದೆ ಬಟ್ಟೆಯ ಮೇಲೆ ಹತ್ತು ಸಾಲುಗಳಲ್ಲಿ ಜೋಡಿಸಿ ಮೆಲ್ಲಗೆ ಸುತ್ತಿ ನೆರಳಿನಲ್ಲಿಡಿ. ಬಟ್ಟೆ ಒಣಗದಂತೆ ದಿನವೂ ನೀರು ಚಿಮುಕಿಸಿ. ಒಂದು ವಾರದ ನಂತರ ಬಿಚ್ಚಿ, ಸರಿಯಾಗಿ ಮೊಳೆತ ಕಾಳುಗಳನ್ನು ಎಣಿಸಿ. 80 ಮೊಳೆತಿದ್ದರೆ ಮೊಳಕೆಯ ಪ್ರಮಾಣ ಶೇಕಡ 80. ಸಾಮೆ, ನವಣೆಗಳ ಪ್ರಮಾಣಿತ ಬೀಜದಲ್ಲಿ ಕನಿಷ್ಠ ಶೇಕಡ 75ರಷ್ಟಾದರೂ ಮೊಳೆಯಬೇಕೆಂಬ ನಿಯಮವಿದೆ. ನಿಮ್ಮ ಎಣಿಕೆ ಅದಕ್ಕಿಂತ ಕಡಿಮೆ ಬಂದರೆ ಮನೆಯ ಹಿರಿಯರಿಗೆ ಬಿತ್ತನೆಗೆ ಮುಂಚೆಯೇ ತಿಳಿಸಿ.

ಪಕ್ಕದಲ್ಲಿಯೇ ಇನ್ನೊಂದು ಒದ್ದೆ ಬಟ್ಟೆಯಲ್ಲಿ ಅಡುಗೆಮನೆಯ 20 ಅಕ್ಕಿ ಕಾಳುಗಳನ್ನೂ ಇಡಿ. ಅವುಗಳಲ್ಲಿ ಎಷ್ಟು ಮೊಳೆತವು? ಏಕೆ?