ಒಂದೇ ಗಂಟಲಿನ ಹಿಮ್ಮೇಳ

ದೊಡ್ಡಬಳ್ಳಾಪುರದ ಮಗ್ಗದವರು ಒಂಟಿ ರೇಷ್ಮೆ ಎಳೆಯನ್ನು ನಂಬಿ ಕೂರುವುದಿಲ್ಲ. ಎಳೆಗಳನ್ನು ಜೋಡಿಸಿ ಹುರಿ ಹಾಕಿದ ಮೇಲೆಯೇ ಅದು ಪವರ್‌ಲೂಮಿನ ಎಳೆತ ತಡೆಯುವ ನೂಲಾಗುತ್ತದೆ. ರ‍್ಯಾಪ್ ಹಾಡುವವರೂ ಮೈಕಿನ ಮುಂದೆ ಹೀಗೇ ಮಾಡುತ್ತಾರೆ. ಒಮ್ಮೆ ಹಾಡಿದ ಸಾಲನ್ನು ಅದೇ ಲಯದಲ್ಲಿ ಇನ್ನೊಮ್ಮೆ ಹಾಡಿ ಮೊದಲಿನದರ ಮೇಲೆ ಕೂರಿಸುತ್ತಾರೆ. ಇದು ಡಬ್ಲಿಂಗ್. ಹೀಗೆ ಪದರದ ಮೇಲೆ ಪದರ ಏರಿಸುತ್ತಾ ಹೋದರೆ ಲೇಯರಿಂಗ್. ಹಾಡಿದವನು ಒಬ್ಬನೇ, ಆದರೆ ಕೇಳುವವರಿಗೆ ಅವನ ಬೆನ್ನಿಗೆ ಇನ್ನೂ ನಾಲ್ಕು ಜನ ನಿಂತಂತೆ ಅನ್ನಿಸುತ್ತದೆ.

ನಮ್ಮ ಹಳ್ಳಿಗಳಲ್ಲಿ ಆ ನಾಲ್ಕು ಜನ ನಿಜವಾಗಿಯೂ ನಿಂತಿರುತ್ತಿದ್ದರು. ಸೋಬಾನೆಯಾಗಲಿ, ತತ್ವಪದವಾಗಲಿ, ಶನಿವಾರದ ಭಜನೆಯಾಗಲಿ, ಒಬ್ಬರು ಮುಂದೆ ಹಾಡಿದರೆ ಉಳಿದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಅವರ ದನಿಗಳು ಪೂರ್ತಿ ಒಂದಾಗುವುದಿಲ್ಲ. ಒಬ್ಬರು ಕೂದಲೆಳೆಯಷ್ಟು ಮುಂದೆ, ಇನ್ನೊಬ್ಬರು ತುಸು ಹಿಂದೆ, ಮತ್ತೊಬ್ಬರ ಶ್ರುತಿ ಚೂರು ಮೇಲೆ. ಹಾಡು ತುಂಬಿಕೊಳ್ಳುವುದೇ ಆ ಸಣ್ಣ ವ್ಯತ್ಯಾಸದಿಂದ. ಒಬ್ಬರ ಗಂಟಲಿನಿಂದಲೇ ಅದನ್ನು ಹೊರಡಿಸಲು ಜಗತ್ತು ಯಂತ್ರಕ್ಕಾಗಿ ಕಾಯಬೇಕಾಯಿತು.

ಮೊದಮೊದಲು ಯಂತ್ರಕ್ಕೂ ಅದು ಆಗುತ್ತಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು. ಅವರ ಕಾಲದಲ್ಲಿ ಕಹಳೆಯಂಥ ಕೊಳವೆಯ ಮುಂದೆ ನಿಂತು ಒಂದೇ ಉಸಿರಿಗೆ ಮೂರು ನಿಮಿಷದೊಳಗೆ ಹಾಡು ಮುಗಿಸಬೇಕಿತ್ತು. ತಪ್ಪಿದರೆ ಮತ್ತೆ ಮೊದಲಿನಿಂದ. ಹಾಡಿನ ಮೇಲೆ ಹಾಡು ಕೂರಿಸುವುದನ್ನು ಮನೆಮಾತಾಗಿಸಿದವರು ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಮತ್ತು ಗಾಯಕಿ ಮೇರಿ ಫೋರ್ಡ್. 1951ರ ಅವರ ‘ಹೌ ಹೈ ದಿ ಮೂನ್’ನಲ್ಲಿ ಮೇರಿ ತನ್ನ ದನಿಗೆ ತಾನೇ ಜೊತೆಗಾತಿ. ಮುಂದೆ ಬೀಟಲ್ಸ್‌ನ ಜಾನ್ ಲೆನನ್‌ಗೆ ಹಾಡಿದ್ದನ್ನೇ ಮತ್ತೆ ಹಾಡುವುದು ಬೇಸರವಾಯಿತು. 1966ರಲ್ಲಿ ಅವರು ಹಾಡು ಮುದ್ರಿಸುತ್ತಿದ್ದ ಲಂಡನ್ನಿನ ಸ್ಟುಡಿಯೊದ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಎರಡನೇ ಟೇಪ್ ಯಂತ್ರದಿಂದ ದನಿಯನ್ನು ಕಿಂಚಿತ್ ತಡಮಾಡಿ ಬೆರೆಸುವ ಉಪಾಯ ಕಂಡುಹಿಡಿದರು.

ರ‍್ಯಾಪ್ ಹುಟ್ಟಿದ್ದು ಗುಂಪಿನಲ್ಲಿ. ರನ್ ಡಿಎಂಸಿ, ಬೀಸ್ಟಿ ಬಾಯ್ಸ್ ಹಾಡುಗಳಲ್ಲಿ ಒಬ್ಬ ಸಾಲು ಹೇಳುತ್ತಿದ್ದರೆ ಕೊನೆಯ ಮಾತಿಗೆ ಜೊತೆಯವರೆಲ್ಲ ಕೂಗು ಸೇರಿಸುತ್ತಿದ್ದರು. ಒಂಟಿ ರ‍್ಯಾಪರ್‌ಗಳು ಮುಂದೆ ಬಂದಾಗ ಆ ಕೂಗನ್ನೂ ತಮ್ಮ ಗಂಟಲಿನಿಂದಲೇ ಹೊರಡಿಸಬೇಕಾಯಿತು. ಟೂಪ್ಯಾಕ್ ಶಕೂರ್ ತನ್ನ ಸಾಲುಗಳನ್ನು ಎರಡು ಮೂರು ಸಲ ಹಾಡಿ ಪೇರಿಸುತ್ತಿದ್ದ. 1996ರ ‘ಆಲ್ ಐಸ್ ಆನ್ ಮಿ’ ಕೇಳಿದರೆ ಪದರಗಳು ಒಂದಕ್ಕೊಂದು ತುಸು ಉಜ್ಜಿಕೊಳ್ಳುವುದೂ ಕೇಳುತ್ತದೆ. ನನಗೆ ಅವನ ದನಿಯ ಬಿಸಿ ಇರುವುದು ಆ ಉಜ್ಜುವಿಕೆಯಲ್ಲೇ.

ಕನ್ನಡದ ಹಾಡುಗಳ ಧ್ವನಿಮುದ್ರಣಕ್ಕೆ ಬಹುಕಾಲ ಮದ್ರಾಸಿನ ದಾರಿ ಹಿಡಿಯಬೇಕಿತ್ತು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ದು ಆ ಅಲೆದಾಟ ತಪ್ಪಿಸಲೆಂದೇ. ಆಮೇಲೆ ಕಂಪ್ಯೂಟರ್ ಬಂತು, ಸ್ಟುಡಿಯೊ ಮಲಗುವ ಕೋಣೆಗೆ ಇಳಿಯಿತು. ಬೆಂಗಳೂರಿನ ಬ್ರೋಧಾ ವಿ 2012ರಲ್ಲಿ ‘ಆತ್ಮರಾಮ’ದ ಇಂಗ್ಲಿಷ್ ರ‍್ಯಾಪಿನ ನಡುವೆ ರಾಮಭಜನೆಯ ಪಲ್ಲವಿ ತಂದರು. ಆಲ್ ಓಕೆ, ಚಂದನ್ ಶೆಟ್ಟಿ ಕನ್ನಡದ ರ‍್ಯಾಪನ್ನು ಮದುವೆ ಮನೆ, ಊರಹಬ್ಬಗಳವರೆಗೆ ಒಯ್ದರು.

ಇನ್ನು ಕೆಲಸದ ಒಳಗುಟ್ಟು. ಮುಖ್ಯ ದನಿ ನಡುವೆ ಇರುತ್ತದೆ. ಜೊತೆ ದನಿಗಳನ್ನು ಸದ್ದು ತಗ್ಗಿಸಿ ಎಡಕ್ಕೊಂದು ಬಲಕ್ಕೊಂದು ಇಡುತ್ತಾರೆ. ಎರಡು ದನಿಗಳ ನಡುವಿನ ಅಂತರ ಸುಮಾರು 30 ಮಿಲಿಸೆಕೆಂಡಿನೊಳಗಿದ್ದರೆ ಕಿವಿ ಅವನ್ನು ಒಂದೇ ದಪ್ಪ ದನಿ ಎಂದುಕೊಳ್ಳುತ್ತದೆ. 50 ದಾಟಿತೆಂದರೆ ಪ್ರತಿಧ್ವನಿ. ಅದೇ ತುಣುಕನ್ನು ಕಾಪಿ ಮಾಡಿ ಅದರ ಮೇಲೇ ಇಟ್ಟರೆ 6 ಡೆಸಿಬಲ್ ಸದ್ದು ಹೆಚ್ಚುತ್ತದೆ, ಅಷ್ಟೇ, ದನಿ ದಪ್ಪವಾಗುವುದಿಲ್ಲ. ವ್ಯತ್ಯಾಸವೇ ಇಲ್ಲದಿದ್ದರೆ ಹಿಮ್ಮೇಳ ಎಲ್ಲಿಂದ ಬರಬೇಕು?

ಕನ್ನಡಕ್ಕೆ ಇಲ್ಲಿ ತನ್ನದೇ ಆದ ತೊಡಕಿದೆ. ಒತ್ತಕ್ಷರ ನಮ್ಮ ಮಾತಿನ ಬೆನ್ನೆಲುಬು. ‘ಕಟ್ಟು’, ‘ಬಿಚ್ಚು’, ‘ತಕ್ಕಡಿ’ಯಂಥ ಮಾತುಗಳನ್ನು ಎರಡು ಸಲ ಹಾಡಿದಾಗ ಒತ್ತುಗಳು ಒಂದೇ ಗಳಿಗೆಗೆ ಬೀಳದಿದ್ದರೆ ಕಲ್ಲು ಉರುಳಿದಂತೆ ಗಡಬಡ ಕೇಳಿಸುತ್ತದೆ. ಅದಕ್ಕೆ ಜೊತೆ ದನಿಯಲ್ಲಿ ವ್ಯಂಜನಗಳನ್ನು ಮೆತ್ತಗೆ ನುಂಗಿ ಸ್ವರಗಳನ್ನು ಮಾತ್ರ ತೆರೆದು ಹಾಡುವುದು ಒಳ್ಳೆಯದು. ಇನ್ನೊಂದು ತೊಡಕು ಪ್ರಾಸದ್ದು. ಕನ್ನಡದಲ್ಲಿ ಸಾಮಾನ್ಯವಾಗಿ ಸಾಲಿನ ಕೊನೆಗೆ ಬರುವುದು ಕ್ರಿಯಾಪದ. ‘ಬರ್ತೀನಿ’, ‘ಇರ್ತೀನಿ’, ‘ತರ್ತೀನಿ’ ಎಂದು ಪ್ರಾಸ ತಾನಾಗಿ ಕೂಡಿಬರುತ್ತದೆ. ಅಮೆರಿಕದವರನ್ನು ಕೇಳಿ ಕಲಿತ ನಮ್ಮವರು ಡಬ್ಲಿಂಗನ್ನೂ ಆ ಕೊನೆಗೇ ಹಾಕುತ್ತಾರೆ. ಸುಲಭದ ಪ್ರಾಸಕ್ಕೆ ಇನ್ನಷ್ಟು ಸದ್ದು ಸೇರಿಸಿದಂತಾಗುತ್ತದೆ. ಹಳಗನ್ನಡದ ಕವಿಗಳು ಪ್ರಾಸವನ್ನು ಸಾಲಿನ ಆರಂಭದಲ್ಲಿ, ಎರಡನೇ ಅಕ್ಷರದಲ್ಲಿ ಇಡುತ್ತಿದ್ದರು. ಜೊತೆ ದನಿಯನ್ನು ಅಲ್ಲಿಗೆ ತಂದರೆ ಸಾಲು ಎದ್ದು ನಿಂತೇ ಹೊರಡುತ್ತದೆ. ಕನ್ನಡ ರ‍್ಯಾಪಿಗೆ ತನ್ನದೇ ಚಹರೆ ಬರುವುದಿದ್ದರೆ ಈ ದಾರಿಯಲ್ಲೇ ಎಂದು ನಾನು ಬಲವಾಗಿ ನಂಬಿದ್ದೇನೆ.

ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಊರುಗಳಲ್ಲಿ ಮೊಬೈಲಿನಲ್ಲೇ ಬೀಟ್ ಹಾಕಿ ಹಾಡು ಮುದ್ರಿಸುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಮೊದಲು ಒಂಟಿ ದನಿಯಲ್ಲೇ ಹಾಡು ನಿಲ್ಲುವಂತೆ ಹಾಡಿ. ಆಮೇಲೆ ಜೊತೆ ಬೇಕೆನ್ನಿಸಿದ ಮಾತಿಗಷ್ಟೇ ಮತ್ತೊಮ್ಮೆ ಬಾಯಿ ತೆರೆಯಿರಿ, ಕಾಪಿ ಮಾಡಬೇಡಿ. ನಿಮ್ಮೂರಿನ ಭಜನೆ ಮಂಡಳಿಯವರು ಇನ್ನೂ ಹಾಡುತ್ತಿದ್ದರೆ ಒಂದು ಸಂಜೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು, ಅವರು ಸೊಲ್ಲನ್ನು ಎಲ್ಲಿ ಎತ್ತಿಕೊಳ್ಳುತ್ತಾರೆ, ಎಲ್ಲಿ ಬಿಡುತ್ತಾರೆ ಎಂಬುದನ್ನು ಕೇಳಿ ಬನ್ನಿ.