ಒಂದೇ ಬಸ್ಸು, ಎರಡು ಟಿಕೇಟು

ಆಫ್ರಿಕಾದ ಮಹಾ ಶ್ರೀಮಂತರೆನಿಸಿದ ನೈಜೀರಿಯದ ಉದ್ಯಮಿ ಅಲಿಕೊ ಡಾಂಗೋಟೆಯವರು 2024ರಲ್ಲಿ ಕಿಗಾಲಿ ನಗರದ ಸಮ್ಮೇಳನವೊಂದರಲ್ಲಿ ತಮ್ಮ ಅಳಲನ್ನು ತೋಡಿಕೊಂಡರು. ತಮ್ಮದೇ ಖಂಡದಲ್ಲಿ ಓಡಾಡಲು ತಮಗೆ 35 ವೀಸಾಗಳು ಬೇಕು, ಫ್ರಾನ್ಸಿನ ಪಾಸ್‌ಪೋರ್ಟ್ ಉಳ್ಳವರಿಗೆ ತಮಗಿಂತಲೂ ಸರಾಗ ಎಂದರು. ಕೋಟ್ಯಧೀಶನ ಪಾಡೇ ಹೀಗಾದರೆ ಗಡಿಯಾಚೆಯ ಸಂತೆಗೆ ಹೊರಟ ಬಡವಿಯ ಪಾಡೇನು? ಮುಕ್ತ ಸಂಚಾರಕ್ಕೆಂದು ಆಫ್ರಿಕನ್ ಒಕ್ಕೂಟವು 2018ರಲ್ಲೇ ಒಪ್ಪಂದವೊಂದನ್ನು ರೂಪಿಸಿದೆ. ಅದು ಜಾರಿಗೆ ಬರಲು 15 ದೇಶಗಳ ಅನುಮೋದನೆ ಬೇಕು. ಅಷ್ಟು ಇನ್ನೂ ದೊರೆತಿಲ್ಲ.

ನಮ್ಮಲ್ಲಿ ಆ ತೊಡಕಿಲ್ಲ. ದೇಶದೊಳಗೆ ಎಲ್ಲಿಗಾದರೂ ಹೋಗುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೂ ರಾಜ್ಯದ ಗಡಿ ಎಷ್ಟು ಗಟ್ಟಿಯಾಗಬಲ್ಲದೆಂಬುದನ್ನು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚಿಯಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗೆ ಹೊರಟ ನಮ್ಮ ರೋಗಿಗಳು ತಲಪಾಡಿಯಲ್ಲೇ ನಿಲ್ಲಬೇಕಾಯಿತು. ತಡೆ ತೆರವಿಗಾಗಿ ಕೇರಳ ಹೈಕೋರ್ಟು ಏಪ್ರಿಲ್ 1ರಂದು ಆದೇಶ ನೀಡಬೇಕಾಯಿತು.

ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರು ಆಂಧ್ರದಲ್ಲೂ ಇದ್ದಾರೆ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ ತಾಲೂಕು 1953ರ ಅಕ್ಟೋಬರ್ 1ರಂದು ಆದೋನಿ, ಆಲೂರುಗಳೊಡನೆ ಆಂಧ್ರಕ್ಕೆ ಹೋಯಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರವೂ ಅದೇ ದಿನ ಆ ರಾಜ್ಯದ ಪಾಲಾಯಿತು. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇರುವುದು ಈ ಸೀಮೆಯಲ್ಲೇ. ಮಡಕಶಿರದ ಮೂರು ದಿಕ್ಕಿಗೂ ಕರ್ನಾಟಕ. ಹೆಣ್ಣು ಕೊಡುವುದು, ತರುವುದು ಗಡಿ ನೋಡಿ ನಡೆಯುವುದಿಲ್ಲ.

ಮಡಕಶಿರದ ತಾಯಿಯೊಬ್ಬಳು ಶಿರಾದಲ್ಲಿರುವ ಮಗಳ ಮನೆಗೆ ಬಂದಳೆನ್ನಿ. ಇಬ್ಬರೂ ತುಮಕೂರಿಗೆಂದು ಕರ್ನಾಟಕದ ಸರಕಾರಿ ಬಸ್ಸು ಹತ್ತಿದರೆ ಮಗಳಿಗೆ ಶೂನ್ಯ ಟಿಕೇಟು, ತಾಯಿಗೆ ಪೂರ್ತಿ ದರ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಮಗಳು ತವರಿಗೆ ಬಂದು ತಾಯಿಯೊಡನೆ ಹಿಂದೂಪುರಕ್ಕೆ ಹೊರಟರೆ ಲೆಕ್ಕ ತಿರುಗುಮುರುಗು. 2025ರ ಆಗಸ್ಟ್ 15ರಂದು ಆರಂಭವಾದ ಆಂಧ್ರದ ‘ಸ್ತ್ರೀ ಶಕ್ತಿ’ಯಲ್ಲಿ ತಾಯಿಗೆ ಉಚಿತ, ಮಗಳು ಹಣ ಕೊಡಬೇಕು. ಆಂಧ್ರದ ಅಂತರರಾಜ್ಯ ಬಸ್ಸುಗಳಲ್ಲಂತೂ ತಾಯಿಗೂ ಆ ಸೌಲಭ್ಯವಿಲ್ಲ. ಆಡುವ ಮಾತು ಒಂದೇ, ಕುಳಿತ ಸೀಟು ಒಂದೇ. ಕಂಡಕ್ಟರು ನೋಡುವುದು ಗುರುತುಚೀಟಿಯ ವಿಳಾಸವನ್ನು. ಕೂಲಿಯ ದುಡ್ಡಿನಲ್ಲಿ ಮಗಳ ಬಾಣಂತನಕ್ಕೆಂದು ಓಡಾಡುವ ತಾಯಿಗೆ ಇದು ಸಣ್ಣ ಮಾತಲ್ಲ.

ತನ್ನ ಬೊಕ್ಕಸದ ಹಣವನ್ನು ತನ್ನ ನಿವಾಸಿಗಳಿಗೆ ಖರ್ಚು ಮಾಡುವುದು ತಪ್ಪೇ ಎಂದು ಸರಕಾರ ಕೇಳಬಹುದು. ತಪ್ಪಲ್ಲ. ಆದರೆ ನಾವು ಕೇಳುವುದು ರಾಜ್ಯವಿಡೀ ಉಚಿತ ಪ್ರಯಾಣವನ್ನಲ್ಲ. ಅಂತರರಾಜ್ಯ ಬಸ್ಸುಗಳು ಓಡುವುದೇ ರಾಜ್ಯಗಳ ಪರಸ್ಪರ ಒಪ್ಪಂದದ ಮೇಲೆ. 1988ರ ಮೋಟಾರು ವಾಹನ ಕಾಯಿದೆಯ 88ನೇ ಕಲಮು ಅದಕ್ಕೆ ದಾರಿ ಮಾಡಿಕೊಟ್ಟಿದೆ. ಅಂಥದೇ ಒಪ್ಪಂದದಿಂದ, ಗಡಿ ತಾಲೂಕುಗಳ ಹೆಂಗಸರಿಗೆ ಆಚೆಯ ಮೊದಲ ಪೇಟೆಯವರೆಗಾದರೂ ರಿಯಾಯಿತಿ ಕೊಟ್ಟು, ಎರಡೂ ಸಾರಿಗೆ ನಿಗಮಗಳು ವರ್ಷಕ್ಕೊಮ್ಮೆ ಲೆಕ್ಕ ಚುಕ್ತಾ ಮಾಡಿಕೊಳ್ಳಬಾರದೇಕೆ?

ರುವಾಂಡ, ಬೆನಿನ್ ದೇಶಗಳು ಇತರರ ಅನುಮೋದನೆಗೆ ಕಾಯದೆ ಆಫ್ರಿಕನ್ನರೆಲ್ಲರಿಗೂ ವೀಸಾ ಇಲ್ಲದೆ ಬಾಗಿಲು ತೆರೆದಿವೆ. ಬೇರೆ ಬೇರೆ ದೇಶಗಳಿಗೆ ಸಾಧ್ಯವಾದುದು ಒಂದೇ ದೇಶದ ಎರಡು ರಾಜ್ಯಗಳಿಗೆ ಅಸಾಧ್ಯವೇನಲ್ಲ. ಕರ್ನಾಟಕ ಮೊದಲ ಹೆಜ್ಜೆಯಿಟ್ಟರೆ ರಾಯದುರ್ಗ, ಮಡಕಶಿರಗಳಿಗೆ ಮಾತ್ರವಲ್ಲ, ಮಂಜೇಶ್ವರ, ಕಾಸರಗೋಡಿನ ನಮ್ಮ ಅಕ್ಕತಂಗಿಯರಿಗೂ ಅದು ದಾರಿಯಾದೀತು.