ಮಗ್ಗುಲು ಬದಲಿಸಿದ ಚಿಕಿತ್ಸೆ

ಮಿದುಳಿನಿಂದ ಹೊರಟು ಬೆನ್ನೆಲುಬಿನ ಕೊಳವೆಯೊಳಗೆ ಸೊಂಟದ ಮೇಲ್ಭಾಗದವರೆಗೆ ಇಳಿಯುವ ನರಗಳ ಕಟ್ಟಿಗೆ ಬೆನ್ನುಹುರಿ ಎಂದು ಹೆಸರು. ಅದು ಎದೆಯ ಮಟ್ಟದಲ್ಲೋ ಅದಕ್ಕೂ ಕೆಳಗೋ ಕಡಿದುಹೋದರೆ ಅಲ್ಲಿಂದ ಕೆಳಗಿನ ದೇಹವು ಚಲನೆಯನ್ನೂ ಸ್ಪರ್ಶಜ್ಞಾನವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತದೆ; ಪ್ಯಾರಾಪ್ಲೀಜಿಯ ಎಂದು ಕರೆಯುವ ಈ ಸ್ಥಿತಿಯಲ್ಲಿ ಕಡಿದ ಹುರಿಯನ್ನು ಮತ್ತೆ ಬೆಸೆಯುವ ವಿದ್ಯೆ ಇಂದಿಗೂ ವೈದ್ಯರಿಗೆ ದಕ್ಕಿಲ್ಲ. ಆದರೂ ಇಂಥ ಗಾಯಾಳುಗಳು ದಶಕಗಳ ಕಾಲ ಬದುಕಿ, ದುಡಿದು, ಸಂಸಾರ ನಡೆಸುವಂತಾಗಿದ್ದರೆ ಅದರಲ್ಲಿ ಇಂಗ್ಲೆಂಡಿನ ಎಯ್ಲ್ಸ್‌ಬರಿ ಪಟ್ಟಣದ ಬಳಿಯಿರುವ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಪಾಲು ದೊಡ್ಡದು.

ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಹೆಚ್ಚಿನವರು ಬಹುಕಾಲ ಉಳಿಯಲಿಲ್ಲ. ಅವರನ್ನು ಕೊಂದದ್ದು ಹುರಿಯ ಗಾಯಕ್ಕಿಂತ ಹೆಚ್ಚಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಜರ್ಮನಿಯ ಲುಡ್ವಿಗ್ ಗುಟ್‌ಮನ್ (1899–1980) 1917ರಲ್ಲಿ ಗಣಿ ಕಾರ್ಮಿಕರ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕನಾಗಿದ್ದಾಗ ಬೆನ್ನು ಮುರಿದ ದೃಢಕಾಯದ ಯುವಕನೊಬ್ಬನನ್ನು ಪರದೆಯ ಮರೆಗೆ ಸರಿಸಿದ್ದನ್ನು ಕಂಡರು. ಇವನ ವಿವರ ಬರೆಯುವ ಶ್ರಮ ಬೇಡ, ಕೆಲವು ವಾರಗಳಲ್ಲಿ ಸಾಯುತ್ತಾನೆ ಎಂದು ಹಿರಿಯರು ಹೇಳಿದಂತೆಯೇ ಆಯಿತು. ಮುಂದೆ ಬ್ರೆಸ್ಲಾವ್ ನಗರದಲ್ಲಿ ನರಶಸ್ತ್ರವೈದ್ಯರಾಗಿ ಹೆಸರು ಮಾಡಿದ ಗುಟ್‌ಮನ್, ಯಹೂದಿಯೆಂಬ ಕಾರಣಕ್ಕೆ 1933ರಲ್ಲಿ ಹುದ್ದೆ ಕಳೆದುಕೊಂಡು, 1939ರಲ್ಲಿ ಕುಟುಂಬದೊಡನೆ ಇಂಗ್ಲೆಂಡಿಗೆ ಬಂದು ಆಕ್ಸ್‌ಫರ್ಡ್‌ನಲ್ಲಿ ಸಂಶೋಧನೆಗೆ ಕುಳಿತರು. ಯುರೋಪಿನ ನೆಲದ ಮೇಲೆ ನಡೆಯಲಿದ್ದ ದಾಳಿಯಿಂದ ಗಾಯಾಳುಗಳು ಹೆಚ್ಚುವರೆಂದು ಬ್ರಿಟಿಷ್ ಸರ್ಕಾರವು 1944ರ ಫೆಬ್ರುವರಿ 1ರಂದು ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಬೆನ್ನುಹುರಿ ಗಾಯಗಳ ಕೇಂದ್ರವನ್ನು ತೆರೆದು ಅವರ ಕೈಗೆ ಒಪ್ಪಿಸಿತು. ಬೇರೆ ವೈದ್ಯರು ಬಯಸುವಂಥ ಹುದ್ದೆ ಅದಾಗಿರಲಿಲ್ಲ.

ಅಲ್ಲಿ ನಡೆದ ಚಿಕಿತ್ಸೆಯ ಬುಡದಲ್ಲಿರುವುದು ತೀರಾ ಸಾಧಾರಣವೆನ್ನಿಸುವ ಒಂದು ಕೆಲಸ. ಆರೋಗ್ಯವಂತರು ನಿದ್ದೆಯಲ್ಲಿಯೂ ತಮಗರಿವಿಲ್ಲದೆ ಹೊರಳುತ್ತಾರೆ. ಒಂದೇ ಕಡೆ ಭಾರ ಬಿದ್ದಾಗ ಆಗುವ ನೋವೇ ಅವರನ್ನು ಹೊರಳಿಸುತ್ತದೆ. ಸ್ಪರ್ಶಜ್ಞಾನವಿಲ್ಲದ ದೇಹಕ್ಕೆ ಆ ಸೂಚನೆಯೇ ತಲಪುವುದಿಲ್ಲವಾದ್ದರಿಂದ ಬೆನ್ನಿನ ಬುಡ, ಸೊಂಟದ ಮೂಳೆ, ಹಿಮ್ಮಡಿಗಳಂಥ ಎಲುಬು ಚಾಚಿದ ಕಡೆಗಳಲ್ಲಿ ಚರ್ಮವು ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿ, ರಕ್ತ ಹರಿಯದೆ ಸತ್ತು, ಹುಣ್ಣಾಗಿ, ಎಲುಬು ಕಾಣುವಷ್ಟು ಆಳಕ್ಕೆ ಕೊಳೆಯುತ್ತದೆ. ಗುಟ್‌ಮನ್ ಆಗ ರೂಢಿಯಲ್ಲಿದ್ದ ಪ್ಲಾಸ್ಟರಿನ ಅಚ್ಚಿನ ಹಾಸಿಗೆಗಳನ್ನು ಕಿತ್ತುಹಾಕಿಸಿ, ಹಗಲೂ ಇರುಳೂ ಎರಡು ಗಂಟೆಗೊಮ್ಮೆ ಪ್ರತಿ ರೋಗಿಯ ಮಗ್ಗುಲು ಬದಲಿಸಬೇಕೆಂದು ಕಟ್ಟಪ್ಪಣೆ ಮಾಡಿದರು. ಅದು ನಡೆಯುತ್ತಿದೆಯೇ ಎಂದು ನೋಡಲು ಅಪರಾತ್ರಿಯಲ್ಲಿ ತಾವೇ ವಾರ್ಡಿಗೆ ಬರುತ್ತಿದ್ದರು. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡ ಯಾವ ಮನೆಯವರಿಗೂ ಈ ಕೆಲಸದ ತೂಕ ವಿವರಿಸಬೇಕಾಗಿಲ್ಲ. ಮೂತ್ರಕೋಶದ ವಿಷಯದಲ್ಲಿಯೂ ಇದೇ ಬಿಗಿ: ಕೊಳವೆಯನ್ನು ಒಳಗೇ ಬಿಟ್ಟು ಸೋಂಕಿಗೆ ದಾರಿ ಮಾಡುವ ಬದಲು, ಕ್ರಿಮಿಶುದ್ಧ ಕ್ರಮದಲ್ಲಿ ಆಗಾಗ ಕ್ಯಾತಿಟರ್ ಹಾಕಿ ಬರಿದುಮಾಡಿ ತೆಗೆಯುವ ಪದ್ಧತಿ ಬಂತು.

ಹೀಗೆ ಜೀವ ಉಳಿದ ಮೇಲೆ ಎದುರಾದ ತೊಡಕು ಕುಳಿತುಕೊಳ್ಳುವುದು. ಸೊಂಟದ ಅರಿವೇ ಇಲ್ಲದವನು ಆಸರೆಯಿಲ್ಲದೆ ಕೂತರೆ ಉರುಳುತ್ತಾನೆ. ಇಲ್ಲಿ ನೆರವಿಗೆ ಬಂದದ್ದು ಬೆನ್ನಿನ ಎರಡೂ ಬದಿಗಳಲ್ಲಿ ತೋಳಿನಿಂದ ಸೊಂಟದ ಮೂಳೆಯವರೆಗೆ ಹರಡಿಕೊಂಡಿರುವ ಅಗಲವಾದ ಸ್ನಾಯು. ಅದರ ಒಂದು ತುದಿ ಸತ್ವ ಕಳೆದುಕೊಂಡ ಭಾಗಕ್ಕೆ ಅಂಟಿದ್ದರೂ ಅದಕ್ಕೆ ನರ ಬರುವುದು ಕುತ್ತಿಗೆಯ ಮಟ್ಟದಿಂದಾದ್ದರಿಂದ, ಎದೆಯ ಕೆಳಗೆ ಹುರಿ ಕಡಿದವರಲ್ಲಿಯೂ ಅದು ಕೆಲಸಮಾಡುತ್ತದೆ, ಮೇಲಿನ ಜೀವಂತ ದೇಹಕ್ಕೂ ಕೆಳಗಿನ ಜಡ ದೇಹಕ್ಕೂ ಸೇತುವೆಯಾಗುತ್ತದೆ. ರೋಗಿಗಳು ಕನ್ನಡಿಯ ಮುಂದೆ ಕೂತು, ಮೈ ವಾಲುವುದನ್ನು ಕಣ್ಣಿನಿಂದ ತಿಳಿದು ಸರಿಪಡಿಸಿಕೊಳ್ಳುತ್ತ ಸಮತೋಲವನ್ನು ಹೊಸದಾಗಿ ಕಲಿತರು. ಆ ಸ್ನಾಯುವನ್ನು ಬಲಪಡಿಸಲು ಬಿಲ್ಲನ್ನು ಸೆಳೆಯುವುದಕ್ಕಿಂತ ತಕ್ಕ ವ್ಯಾಯಾಮ ಸಿಗುವುದು ಕಷ್ಟ. ಬಿಲ್ಲುಗಾರಿಕೆ ಆಸ್ಪತ್ರೆಯ ಅಂಗಳಕ್ಕೆ ಬಂದದ್ದು ಮನರಂಜನೆಗಾಗಿ ಮಾತ್ರವಲ್ಲ, ಔಷಧಿಯಾಗಿ. ಜೊತೆಗೆ ಮರಗೆಲಸ, ಗಡಿಯಾರ ರಿಪೇರಿಗಳಂಥ ಕಸುಬಿನ ತರಬೇತಿಯೂ ನಡೆಯಿತು.

1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, 14 ಪುರುಷರೂ ಇಬ್ಬರು ಮಹಿಳೆಯರೂ ಗಾಲಿಕುರ್ಚಿಯಲ್ಲಿ ಕುಳಿತು ಈ ಅಂಗಳದಲ್ಲಿ ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. 1952ರಲ್ಲಿ ನೆದರ್ಲೆಂಡ್ಸ್‌ನ ತಂಡ ಬಂತು. 1960ರಲ್ಲಿ ರೋಮ್ ನಗರದಲ್ಲಿ ಸುಮಾರು 400 ಮಂದಿ ಸೇರಿದ ಕೂಟವನ್ನೇ ಇಂದು ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸಲಾಗುತ್ತದೆ. ಪದಕಗಳ ಬೆಳಕಿನಲ್ಲಿ ಇರುಳಿನ ಆ ಮಗ್ಗುಲು ಬದಲಾವಣೆ ಮರೆಯಾಗಿರುವುದು ಸಹಜವಾದರೂ ನ್ಯಾಯವಲ್ಲ. ಹುಣ್ಣು ಮಾಯದವರ ಕೈಗೆ ಬಿಲ್ಲು ಬರುವಂತಿರಲಿಲ್ಲ.

2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಲಾಂಛನದ ಬೊಂಬೆಗೆ ಈ ಆಸ್ಪತ್ರೆಯ ನೆನಪಿನಲ್ಲಿ ಮ್ಯಾಂಡೆವಿಲ್ ಎಂದೇ ಹೆಸರಿಟ್ಟಿದ್ದರು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದದ್ದು ಅದೇ ಕೂಟದಲ್ಲಿ. ಆ ಸಲ ಭಾರತಕ್ಕೆ ದೊರೆತ ಪದಕ ಅದೊಂದೇ.